ಬಾಣಸಿಗ ಸೋತ್ವೋಲ್ದಿ ಕೇಳದೆ ಬಿಟ್ಟಿದ್ದ ಪ್ರಶ್ನೆ

ಉಜ್ಗೆನ್ ಪೇಟೆಯ ಮೇಲುಕೇರಿಯಲ್ಲಿ ಮದುವೆಯಾಗಲಿ, ಸುನ್ನತಿಯಾಗಲಿ, ಸತ್ತವರ ಹೆಸರಿನ ಊಟವಾಗಲಿ, ಪಲಾವಿನ ಕಡಾಯಿಯ ಮುಂದೆ ನಿಲ್ಲುತ್ತಿದ್ದವನು ಸೋತ್ವೋಲ್ದಿ. ಇಪ್ಪತ್ತೈದು ವರ್ಷಗಳಿಂದ ಅವನದೇ ಕೈ. ನಾಲ್ಕುನೂರು ಜನರ ಅಕ್ಕಿಯನ್ನು ಕಣ್ಣಳತೆಯಲ್ಲೇ ಸುರಿಯುತ್ತಿದ್ದ, ಒಂದು ಅಗುಳು ಇನ್ನೊಂದಕ್ಕೆ ಅಂಟುತ್ತಿರಲಿಲ್ಲ. ಆದರೆ ಊರು ಅವನನ್ನು ಗುರುತಿಸುತ್ತಿದ್ದದ್ದು ಪಲಾವಿಗಿಂತ ಹೆಚ್ಚಾಗಿ ಅವನ ಪ್ರಶ್ನೆಗಳಿಂದ. ಈರುಳ್ಳಿ ಹೆಚ್ಚಿದರೆ ಕಣ್ಣಿಗೆ ಗೊತ್ತಾಗುವುದು ಹೇಗೆ ಎಂದು ಡಾಕ್ಟರನ್ನು ಹಿಡಿದು ಕೇಳುತ್ತಿದ್ದ. ನೂಹನ ಹಡಗಿನಲ್ಲಿ ಒಲೆ ಯಾರು ಹಚ್ಚುತ್ತಿದ್ದರು ಎಂದು ಮಸೀದಿಯ ದೋಮ್ಲಾನನ್ನು ಕೇಳಿ, ನಮಾಜು ಮಾಡಿಸುವ ಆ ದೊಡ್ಡ ಮನುಷ್ಯನೇ ಗಡ್ಡ ಕೆರೆದುಕೊಳ್ಳುವಂತೆ ಮಾಡಿದ್ದ.

"ಇವನ ಹತ್ರ ಕೂತ್ರೆ ಅಕ್ಕಿ ಬೇಯೋದ್ರೊಳಗೆ ನಾವೇ ಬೆಂದ್ಹೋಗ್ತೀವಿ" ಎಂದು ಕ್ಯಾರೆಟ್ ಹೆಚ್ಚುವವರು ನಗುತ್ತಿದ್ದರು.

ಅಂಥವನು ಒಂದು ಪ್ರಶ್ನೆಯನ್ನು ಮಾತ್ರ ನಲವತ್ತೆಂಟು ವರ್ಷ ಕೇಳದೆಯೇ ಬದುಕಿದ್ದ. ಅದನ್ನು ಅವನಿಗೆ ಕೊಟ್ಟವಳು ಅವನ ಕಿರಿಮಗಳು, ಹನ್ನೆರಡು ವರ್ಷದ ಓಯ್ದಿನ್.

ಅಕ್ಕಿ ಗಿರಣಿಯ ಯಜಮಾನ ತನ್ನ ತಂದೆಯ ವರ್ಷದ ಊಟ ಹಾಕಿಸಿದ್ದ ದಿನ. ನೆಂಟರೆಲ್ಲ ಉಂಡು ಕೈಯೊರೆಸಿಕೊಂಡ ಮೇಲೆ ವಾಡಿಕೆಯಂತೆ ಲ್ಯೂಲಿ ಹೆಂಗಸರು ಗೇಟಿನ ಬಳಿ ಬಂದು ನಿಂತರು. ನದಿಯಾಚೆ ಬೇರೆಯೇ ಕೇರಿ ಮಾಡಿಕೊಂಡು, ಗುಜರಿ ಆಯ್ದು, ಬೇಡಿ ಬದುಕುವ ಜನ. ಸೋತ್ವೋಲ್ದಿ ಕಡಾಯಿಯ ತಳದ ಪಲಾವನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿಸಿ ಗೇಟಿನ ಮೇಲಿಂದ ದಾಟಿಸಿದ. ತಟ್ಟೆ ಎತ್ತುತ್ತಿದ್ದ ಓಯ್ದಿನ್ ಆ ಗುಂಪಿನಲ್ಲಿ ತನ್ನ ತರಗತಿಯ ಅನೋರಳನ್ನು ಕಂಡಳು. ಅಜ್ಜಿಯ ಕೈಹಿಡಿದು ನಿಂತಿದ್ದ ಅನೋರ್ ಇವಳನ್ನು ನೋಡಿದವಳೇ ಮುಖ ತಿರುಗಿಸಿದಳು.

ಮನೆಗೆ ಬರುವಾಗ ಕಾರಿನಲ್ಲಿ ಓಯ್ದಿನ್ ಅಪ್ಪನನ್ನು ಕೇಳಿದಳು, "ದಾದಾ, ಅವ್ರನ್ನ ಯಾಕೆ ಒಳಗೆ ಕೂರಿಸಲ್ಲ?"

"ಅವ್ರೇ ಬರಲ್ಲ ಮಗಳೇ."

"ಯಾರಾದ್ರೂ ಕರೆದಿದ್ರಾ?"

ಸೋತ್ವೋಲ್ದಿಗೆ ನಾಚಿಕೆಗಿಂತ ಮೊದಲು ಆಶ್ಚರ್ಯವಾಯಿತು. ಹಡಗಿನ ಒಲೆಯ ಬಗ್ಗೆ ಚಿಂತಿಸಿದವನಿಗೆ ತನ್ನ ಒಲೆಯ ಮುಂದಿನ ಗೇಟು ಕಾಣದೆ ಹೋದದ್ದು ಹೇಗೆ? ಅಷ್ಟು ವರ್ಷದಲ್ಲಿ ಎಷ್ಟು ಚೀಲ ತುಂಬಿಸಿರಬೇಕು! ಅವುಗಳನ್ನು ಇಸಿದುಕೊಂಡ ಒಂದೇ ಒಂದು ಮುಖವೂ ಅವನಿಗೆ ನೆನಪಾಗಲಿಲ್ಲ.

ಮಾರನೆಯ ದಿನದಿಂದ ಅವನು ವಿಚಾರಿಸಲು ಶುರುಮಾಡಿದ. ಹೆಂಡತಿ ಸನೋಬರ್ ನಾದಿದ ಹಿಟ್ಟಿನಿಂದ ಕೈ ತೆಗೆಯದೆಯೇ, "ಓಯ್ದಿನ್ ದಾದಾ, ಮನೇಲಿ ಮದುವೆಗೆ ಬಂದ ಮಗಳಿದ್ದಾಳೆ. ಲ್ಯೂಲಿಗಳ ಮಾತು ಈಗ್ಯಾಕೆ?" ಎಂದಳು. ಹಿರಿಮಗಳು ಮುಹಯ್ಯೋಗೆ ಒಂದು ಒಳ್ಳೆಯ ಸಂಬಂಧ ಕುದುರಿತ್ತು. ಎರಡೂ ಕಡೆಯವರು ಸೇರಿ ರೊಟ್ಟಿ ಮುರಿದು ಮಾತು ಕೊಟ್ಟಾಗಿತ್ತು.

ಅವನು ನೇರವಾಗಿ, ತೀರಿಹೋದ ತನ್ನ ತಾಯಿಯ ತಂಗಿ ಹಾಫಿಜಾಳ ಮನೆಗೆ ಹೋದ. ಎಪ್ಪತ್ತು ದಾಟಿದ ಮುದುಕಿ, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು.

"ಖೋಲಾ, ಈ ಲ್ಯೂಲಿಗಳ ಜೊತೆ ನಾವು ಕೂತು ಉಣ್ಣಲ್ಲವಲ್ಲ, ಯಾವಾಗಿಂದ?"

ಚಿಕ್ಕಮ್ಮ ಚಹಾದ ಬಟ್ಟಲು ಕೆಳಗಿಟ್ಟು ಅವನನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಿಡ್ತು ಅನ್ನು! ಇದನ್ನ ಕೇಳೋಕೆ ಊರಲ್ಲಿ ನೀನೇ ಆಗ್ಬೇಕಾಯ್ತಾ? ನೀನು ಬದುಕಿದ್ದೇ ಅವರ ಹಾಲು ಕುಡಿದು ಕಣೋ!"

ಸೋತ್ವೋಲ್ದಿ ಎಂದರೆ ಮಾರಿ ಮತ್ತೆ ಕೊಂಡ ಕೂಸು ಎಂದೇ ಅರ್ಥ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸನ್ನು ಕಿಟಕಿಯಿಂದ ಬೇರೊಬ್ಬರ ಕೈಗೆ ದಾಟಿಸಿ, ಮತ್ತೆ ಒಂದು ಜರಡಿ ತೌಡು ಕೊಟ್ಟು ಕೊಂಡುಕೊಳ್ಳುವುದುಂಟು, ಸಾವಿಗೆ ಲೆಕ್ಕ ತಪ್ಪಲೆಂದು. ತನ್ನನ್ನು ಪಕ್ಕದ ಮನೆಯ ಸೂಲಗಿತ್ತಿಗೆ ಮಾರಿದ್ದರೆಂದು ತಾಯಿ ಹೇಳಿದ್ದನ್ನು ಅವನು ನಂಬಿದ್ದ.

"ಸೂಲಗಿತ್ತಿಯೂ ಇಲ್ಲ, ಸುಡುಗಾಡೂ ಇಲ್ಲ. ನಿನಗಿಂತ ಮುಂಚೆ ನಾಲ್ಕು ಮಣ್ಣಾಗಿದ್ವು. ನಿಮ್ಮಮ್ಮನಿಗೆ ಬಾಣಂತಿ ಜ್ವರ, ಎದೆ ಒಣಗಿ ಹೋಗಿತ್ತು. ಆಗ ಹೋಲ್ಬೀಬಿ ಅಂತ ಒಬ್ಬ ಲ್ಯೂಲಿ ಹೆಂಗಸು, ಎದೆಮೇಲೆ ಒಂದು ಕೂಸು ಇಟ್ಕೊಂಡು ಬಾಗಿಲಿಗೆ ಬಂದಿದ್ಲು. ನಾನೇ ನಿನ್ನ ಕಿಟಕಿಯಿಂದ ಅವಳ ಕೈಗೆ ಕೊಟ್ಟೆ. ನಲವತ್ತು ದಿನ ಇಟ್ಕೊಂಡ್ಲು. ವಾಪಸ್ ಬಂದಾಗ ನೀನು ಕುರಿಮರಿ ಥರ ದುಂಡಗಿದ್ದೆ."

"ಅಮ್ಮ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನಗೆ ಹೆಣ್ಣು ಕೊಡೋರ್ಯಾರು? ಹೋಲ್ಬೀಬಿ ಕೈಲಿ ರೊಟ್ಟಿ ಮುಟ್ಟಿಸಿ ಆಣೆ ಮಾಡಿಸಿದ್ಲು, ಎಲ್ಲೂ ಬಾಯಿ ಬಿಡಬಾರದು ಅಂತ. ನನ್ನ ಕೈಲೂ ಮಾಡಿಸಿದ್ಲು. ನಾನೀಗ ಸಾಯೋ ಮುದುಕಿ, ದೇವರ ಹತ್ರ ನಾನೇ ಮಾತಾಡ್ಕೋತೀನಿ."

ಆ ಗುರುವಾರ ಸೋತ್ವೋಲ್ದಿ ನಾಲ್ಕು ಸೇರು ಕೆಂಪಕ್ಕಿ, ಎರಡು ರೊಟ್ಟಿ ಹಿಡಿದು ಸೇತುವೆ ದಾಟಿದ. ಇದೇ ಊರಿನಲ್ಲಿ ಹುಟ್ಟಿ ಬೆಳೆದವನು ಆ ಓಣಿಯಲ್ಲಿ ಕಾಲಿಡುತ್ತಿದ್ದುದು ಅದೇ ಮೊದಲು. ಹೋಲ್ಬೀಬಿಯ ಮನೆ ವಿಚಾರಿಸಿ ತಟ್ಟಿದಾಗ ಬಾಗಿಲು ತೆರೆದವಳು ಅನೋರ್. ಅವಳ ಹಿಂದೆ ಅಂಗಳದಲ್ಲಿ, ಹಳೆಯ ತಾಮ್ರದ ತಂತಿಯ ಸಿಪ್ಪೆ ಸುಲಿಯುತ್ತ ಒಬ್ಬ ಮುದುಕಿ ಕೂತಿದ್ದಳು. ಅವಳು ತಲೆಯೆತ್ತಿ ಅವನನ್ನೂ ಅವನ ಕೈಯ ರೊಟ್ಟಿಯನ್ನೂ ನೋಡಿದಳು.

"ಯಾರು ಹೇಳಿದ್ರು?" ಎಂದಳು.

"ಹಾಫಿಜಾ ಖೋಲಾ."

"ಅಂತೂ ಅವಳ ಹೊಟ್ಟೇಲಿ ಇಷ್ಟು ವರ್ಷ ನಿಂತಿತ್ತಲ್ಲ, ದೊಡ್ಡದು. ಕೂತ್ಕೋ. ಕಚ್ತಿದ್ದೆ ನೀನು. ಹಲ್ಲಿಲ್ಲದಿದ್ರೂ ಒಸಡಲ್ಲೇ ಕಚ್ತಿದ್ದೆ."

ಸೋತ್ವೋಲ್ದಿ ಕೂತ. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಎಲ್ಲೋ ಹೋದವು. ಪ್ರಶ್ನೆಗಳು ಮಾತ್ರ ಒಂದರ ಮೇಲೊಂದು ಬಂದವು. ಆಗ ಅವಳ ಎದೆಯ ಮೇಲಿದ್ದ ಕೂಸು ಯಾವುದು? ಮಗಳು, ಈಗ ತಾಷ್ಕೆಂಟಿನ ಕಡೆ ಇದ್ದಾಳೆ. ತಾನು ತುಂಬ ಅಳುತ್ತಿದ್ದೆನೇ? ರಾತ್ರಿ ಇಲ್ಲ, ಬೆಳಿಗ್ಗೆ ಮಾತ್ರ. ನಿಮ್ಮ ಜನರನ್ನು ಲ್ಯೂಲಿ ಎಂದು ಯಾಕೆ ಕರೆಯುತ್ತಾರೆ? "ಅದು ನೀವು ಇಟ್ಟ ಹೆಸರು. ನಮ್ಮನ್ನ ನಾವು ಮುಗಾತ್ ಅಂತೀವಿ." ಇದೂ ಅವನಿಗೆ ಗೊತ್ತಿರಲಿಲ್ಲ.

"ನನ್ನ ಅಡುಗೆ ಇದ್ದ ಕಡೆಗೆಲ್ಲ ನೀವು ಬರ್ತಿದ್ರಾ?"

"ಕಾಲು ನಡೆಸಿದಾಗೆಲ್ಲ ಬಂದೆ, ಮೊನ್ನೆಯೂ ಇದ್ದೆ. ನೀನು ಚೀಲ ತುಂಬೋವಾಗ ಅನ್ನದ ಅಡಿ ಒಂದು ತುಂಡು ಮಾಂಸ ಹಾಕ್ತಿದ್ದೆ. ಇವನಿಗೆ ಗೊತ್ತಿದೆ, ಅದಕ್ಕೇ ಮುಚ್ಚಿ ಇಡ್ತಾನೆ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಎಲ್ಲರ ಚೀಲಕ್ಕೂ ಹಾಕ್ತಿದ್ದೆ." ಅವಳು ತಂತಿಯನ್ನು ಪಕ್ಕಕ್ಕಿಟ್ಟಳು. "ಅವತ್ತು ಸ್ವಲ್ಪ ಬೇಜಾರಾಯ್ತು. ಆಮೇಲೆ ಇನ್ನೂ ಒಳ್ಳೇದೇ ಅನ್ನಿಸ್ತು."

ಅವನು ಮುಹಯ್ಯೋಳ ಮದುವೆಗೆ ಅವಳನ್ನು ಕರೆದ. ಹೆಂಗಸರ ಸಾಲಿನಲ್ಲಿ ಹಿರಿಯಳಾಗಿ ಮೇಲ್ಗಡೆ ಕೂರಬೇಕೆಂದ.

"ನಿನ್ನ ಮನಸ್ಸಿನ ಭಾರ ಇಳಿಸೋಕೆ ನಾನು ಬಂದು ಬೊಂಬೆ ಥರ ಕೂರಬೇಕಾ? ಬೇಡಪ್ಪ. ನಿಮ್ಮ ಕಡೆಯೋರು ನಮಗೆ ಎಷ್ಟು ವರ್ಷದಿಂದ ಅನ್ನ ಕೊಟ್ಟಿದ್ದೀರಿ, ಇಲ್ಲ ಅನ್ನಲ್ಲ. ನಮ್ಮ ಮನೇಲಿ ಒಬ್ರಾದ್ರೂ ಉಂಡಿದ್ದೀರಾ? ಅನೋರ್, ಹೆಸರುಕಾಳಿನ ಸಾರು ತಾ."

ಬಟ್ಟಲು ಬಂತು. ಒಂದು ಕ್ಷಣ ಸೋತ್ವೋಲ್ದಿಯ ಕೈ ಮುಂದೆ ಹೋಗಲಿಲ್ಲ. ಅದನ್ನು ಅವನು ಯಾರಿಂದಲೂ ಮುಚ್ಚಿಡಲಿಲ್ಲ, ಮುಂದೆ ಓಯ್ದಿನ್‌ಗೂ ಹೇಳಿದ. "ಬುದ್ಧಿ ಹೂಂ ಅಂದಿತ್ತು, ಕೈ ಮಾತ್ರ ನಿಮ್ಮಜ್ಜನ ಕಾಲದ್ದು." ಆ ಕೈಯನ್ನೇ ವಿಚಿತ್ರ ಪ್ರಾಣಿಯನ್ನು ನೋಡುವಂತೆ ನೋಡಿ, ರೊಟ್ಟಿ ಮುರಿದು, ಅದ್ದಿ ತಿಂದ. ಸಾರಿಗೆ ಉಪ್ಪು ಒಂದಿಷ್ಟು ಜಾಸ್ತಿಯಾಗಿತ್ತು. ಅದನ್ನೂ ಹೇಳಿದ. ಮುದುಕಿ ಬೈದಳು.

ಗುರುವಾರ ಗುರುವಾರ ಅವನು ಹೋಗತೊಡಗಿದ, ಓಯ್ದಿನ್‌ಳನ್ನೂ ಕರೆದುಕೊಂಡು. ಊರಿಗೆ ಗೊತ್ತಾಗಲು ಮೂರನೆಯ ಗುರುವಾರವೇ ಸಾಕಾಯಿತು. ಲ್ಯೂಲಿ ಮನೆಯಲ್ಲಿ ಉಂಡ ಕೈ ತಮ್ಮ ಕಡಾಯಿಗೆ ಬೇಡವೆಂದು ಎರಡು ಮನೆಯವರು ಬೇರೆ ಬಾಣಸಿಗನನ್ನು ಕರೆಸಿಕೊಂಡರು. ಮುಹಯ್ಯೋಳ ಗಂಡಿನ ಕಡೆಯವರು ತಾವು ಮೊದಲು ತೆಗೆದುಕೊಂಡು ಹೋಗಿದ್ದ ಬಟ್ಟೆಬರೆಯನ್ನು ಮಡಿಕೆ ಬಿಚ್ಚದೆ ಹಿಂದಿರುಗಿಸಿದರು.

ಮುಹಯ್ಯೋ ಆ ಗಂಟನ್ನು ತಂದೆಯ ಮುಂದಿಟ್ಟಳು. "ನಿಮಗೆ ತಾಯಿ ಸಿಕ್ಕಿದ್ರು ದಾದಾ. ನನಗೆ ಗಂಡ ತಪ್ಪಿದ."

ನ್ಯಾಯವೆಂದು ಸೋತ್ವೋಲ್ದಿ ಇಟ್ಟ ಹೆಜ್ಜೆ ಮಗಳ ಕಾಲನ್ನು ತುಳಿದಿತ್ತು. ಹಾಗಾದರೆ ಹೋಗದೆ ಇರಬೇಕಿತ್ತೇ? ತನ್ನ ತಾಯಿ ಬಾಯಿ ಮುಚ್ಚಿಸಿದ್ದೂ ಮಗನ ಮೇಲಿನ ಪ್ರೀತಿಯಿಂದಲೇ ಅಲ್ಲವೇ? ಹಾಗೆ ಪ್ರೀತಿಯಿಂದಲೇ ಒಬ್ಬ ಹೆಂಗಸನ್ನು ಅಷ್ಟು ವರ್ಷ ಗೇಟಿನ ಹೊರಗೆ ನಿಲ್ಲಿಸಿದ್ದಾಯಿತಲ್ಲ! ಮನೆಯೊಳಗಿನ ಪ್ರೀತಿಗೂ ಮನೆಯ ಹೊರಗಿನ ಅನ್ಯಾಯಕ್ಕೂ ಇಷ್ಟು ಹತ್ತಿರದ ಸಂಬಂಧವಿದೆಯೆಂದು ಅವನು ಎಂದೂ ಯೋಚಿಸಿರಲಿಲ್ಲ. ಒಂದು ತಿಂಗಳು ಮುಹಯ್ಯೋ ಮಾತಾಡಲಿಲ್ಲ. ಅವನೂ ಮಾತಾಡೆಂದು ಒತ್ತಾಯಿಸಲಿಲ್ಲ.

ಸನೋಬರ್ ಬೇರೆ ಥರ ಸಿಟ್ಟಾಗಿದ್ದಳು. "ನೀವು ಹೋಗಿದ್ದಕ್ಕಲ್ಲ. ನನಗೆ ಒಂದು ಮಾತು ಹೇಳ್ದೆ ಹೋದ್ರಲ್ಲ, ಅದಕ್ಕೆ" ಎಂದಳು. ಒಂದು ವಾರ ಬಿಟ್ಟು, ಕುಂಬಳಕಾಯಿ ತುಂಬಿದ ಸೋಮ್ಸಾ ಬೇಯಿಸಿ ತಲೆವಸ್ತ್ರ ಕಟ್ಟಿಕೊಂಡು ಹೊರಟು ನಿಂತಳು. "ಹದಿನೈದು ವರ್ಷ ಅತ್ತೆ ಕಾಟ ಇಲ್ದೆ ಆರಾಮಾಗಿದ್ದೆ. ಈಗ ಈ ವಯಸ್ಸಲ್ಲಿ ಒಬ್ಬಳನ್ನ ಹುಡುಕಿ ತಂದಿದ್ದೀರಿ. ನೋಡೋಣ ನಡೀರಿ, ಹೇಗಿದ್ದಾಳೋ."

ಸೋತ್ವೋಲ್ದಿ ದೋಮ್ಲಾನನ್ನೂ ಬಿಡಲಿಲ್ಲ.

"ದೋಮ್ಲಾ, ಹಾಲು ಕೊಟ್ಟವಳು ತಾಯಿ ಆಗ್ತಾಳಾ?"

"ಒಂದೇ ಗುಟುಕಾದ್ರೂ ಸರಿ, ತಾಯಿಯೇ. ಅವಳ ಮಕ್ಕಳು ನಿನಗೆ ಒಡಹುಟ್ಟಿದವರು. ಗ್ರಂಥದಲ್ಲಿ ಅನುಮಾನವೇ ಇಲ್ಲ."

"ಹಾಗಾದ್ರೆ ಶುಕ್ರವಾರ ಎಲ್ಲರ ಮುಂದೆ ಹೇಳಿ."

"ನೋಡು, ಗ್ರಂಥದಲ್ಲಿರೋದನ್ನೆಲ್ಲ ಶುಕ್ರವಾರ ಹೇಳೋಕಾಗುತ್ತಾ?"

"ಮತ್ತೆ ಯಾವ ವಾರ ಹೇಳ್ತೀರಿ?"

ದೋಮ್ಲಾ ಗಡ್ಡ ಕೆರೆದುಕೊಂಡ. ಆ ಶುಕ್ರವಾರ ಹೇಳಲಿಲ್ಲ, ಮುಂದಿನ ಶುಕ್ರವಾರವೂ ಹೇಳಲಿಲ್ಲ.

ಮರುವರ್ಷ ಮುಹಯ್ಯೋಗೆ ಜಲಾಲಾಬಾದ್ ಕಡೆಯ ಒಬ್ಬ ಪಶುವೈದ್ಯನ ಸಂಬಂಧ ಬಂತು. ಹುಡುಗನ ಮನೆಯವರು ಬಂದ ದಿನ ಮುಹಯ್ಯೋ ಚಹಾದ ತಟ್ಟೆ ಹಿಡಿದು ಬಂದವಳು, "ದಾದಾ, ಅಜ್ಜಿ ವಿಷಯ ಮೊದಲೇ ಹೇಳ್ಬಿಡಿ. ಬಿಟ್ಟು ಹೋಗೋದಾದ್ರೆ ಚಹಾ ಕುಡಿದು ಈಗಲೇ ಹೋಗ್ಲಿ" ಎಂದಳು. ಅಜ್ಜಿ ಎಂಬ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. ಅವರು ಕೇಳಿಸಿಕೊಂಡರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎರಡನೆಯ ಬಟ್ಟಲು ಚಹಾ ಕುಡಿದರು.

ಮದುವೆಯಾಗಿ ಆರು ತಿಂಗಳಿಗೆ, ಏಪ್ರಿಕಾಟ್ ಹೂ ಬಿಡುವ ಹೊತ್ತಿಗೆ, ಹೋಲ್ಬೀಬಿ ತೀರಿಕೊಂಡಳು.

ಬೆಳಿಗ್ಗೆಯೇ ಸೋತ್ವೋಲ್ದಿ ಹೋದ. ಸತ್ತವರ ಗಂಡುಮಕ್ಕಳು ಸೊಂಟಕ್ಕೆ ವಸ್ತ್ರ ಬಿಗಿದು, ಕೋಲು ಹಿಡಿದು ಬಾಗಿಲ ಬಳಿ ಸಾಲಾಗಿ ನಿಲ್ಲಬೇಕು, ಬಂದವರೆಲ್ಲ ಅವರಿಗೆ ಸಮಾಧಾನ ಹೇಳಬೇಕು. ಈ ಪದ್ಧತಿ ನದಿಯ ಎರಡೂ ದಡದಲ್ಲಿ ಒಂದೇ. ಹೋಲ್ಬೀಬಿಯ ಮಗ, ಅನೋರಳ ತಂದೆ ಕಮೋಲ್ ತಮ್ಮಂದಿರೊಡನೆ ನಿಂತಿದ್ದ. ಸೋತ್ವೋಲ್ದಿ ಅವನ ಹತ್ತಿರ ಹೋಗಿ ಮೆಲ್ಲಗೆ, "ನಾನೆಲ್ಲಿ ನಿಲ್ಲಲಿ?" ಎಂದು ಕೇಳಿದ.

ಕಮೋಲ್ ಒಳಗಿನಿಂದ ಇನ್ನೊಂದು ವಸ್ತ್ರ ತರಿಸಿ ಅವನ ಸೊಂಟಕ್ಕೆ ತಾನೇ ಕಟ್ಟಿದ. "ವಯಸ್ಸಲ್ಲಿ ನೀನೇ ದೊಡ್ಡಣ್ಣ ಅಲ್ವಾ ಅಕಾ. ಮೊದಲು ನಿಂತ್ಕೋ."

ಸೋತ್ವೋಲ್ದಿ ನಿಂತ. ಲ್ಯೂಲಿಗಳು ಬಂದರು, ಅಪ್ಪಿಕೊಂಡರು, ಹೋದರು. ಸೇತುವೆಯ ಕಡೆಯಿಂದ ಯಾರೂ ಬರಲಿಲ್ಲ. ಅವನು ಆ ಕಡೆ ನೋಡಬಾರದೆಂದುಕೊಂಡೇ ನೋಡುತ್ತಿದ್ದ. ಮೇಲುಕೇರಿಯಲ್ಲಿ ಅವನ ಕೈ ಪಲಾವಿಲ್ಲದೆ ಮಣ್ಣಾದವರು ಯಾರಿದ್ದರು? ಅವನ ತಾಯಿ ಸತ್ತರೆ ಬಾರದೆ ಇರುವುದಕ್ಕೆ ಯಾರಿಗೂ ದಾರಿಯಿರಲಿಲ್ಲ. ಇವಳು ಅವನ ತಾಯಿ ಹೌದೋ ಅಲ್ಲವೋ ಎಂಬುದೊಂದೇ ಅವರು ಅವತ್ತು ತೀರ್ಮಾನಿಸಬೇಕಿದ್ದದ್ದು.

ಬಿಸಿಲೇರಿದ ಮೇಲೆ ಸೇತುವೆಯ ಮೇಲೆ ದೋಮ್ಲಾನ ಬಿಳಿ ರುಮಾಲು ಕಾಣಿಸಿತು. ಅವನ ಹಿಂದೆ ಹನ್ನೊಂದು ಜನ. ಅಕ್ಕಿ ಗಿರಣಿಯ ಯಜಮಾನನೂ ಇದ್ದ. ಓಣಿಯ ಕೆಸರಿನಲ್ಲಿ ಬೂಟು ಎಲ್ಲಿಡುವುದೆಂದು ನೋಡುತ್ತ ನಿಧಾನವಾಗಿ ಬಂದರು. ಮೊದಲು ಸೋತ್ವೋಲ್ದಿಯನ್ನು ಅಪ್ಪಿಕೊಂಡರು. ಅವನ ಪಕ್ಕದಲ್ಲಿ ಕಮೋಲ್ ನಿಂತಿದ್ದ. ಸಾಲಿನಲ್ಲಿ ಒಬ್ಬನನ್ನು ಅಪ್ಪಿ ಇನ್ನೊಬ್ಬನನ್ನು ಬಿಡುವುದು ಹೇಗೆ? ಯಜಮಾನ ಒಂದು ಗಳಿಗೆ ತಡೆದು, ಕಮೋಲನನ್ನೂ ಅಪ್ಪಿಕೊಂಡ. ಉಳಿದವರೂ ಹಾಗೆಯೇ ಮಾಡಿದರು.

ಮಣ್ಣು ಮಾಡುವ ಮುಂಚೆ ದೋಮ್ಲಾ ಎದ್ದು ನಿಂತು, ಹಾಲು ಕೊಟ್ಟವಳ ಬಗ್ಗೆ ಗ್ರಂಥ ಏನು ಹೇಳುತ್ತದೆಂದು ಎಲ್ಲರಿಗೂ ಕೇಳುವಂತೆ ಹೇಳಿದ. ಅವತ್ತು ಮಂಗಳವಾರ.

ಇದರಿಂದ ಊರು ಬದಲಾಗಿಬಿಟ್ಟಿತೆಂದು ಹೇಳಿದರೆ ಸುಳ್ಳಾದೀತು. ಬಂದ ಹನ್ನೊಂದು ಜನರಲ್ಲಿ ಕೆಲವರು ಹೋಗುವಾಗ ನದಿಯಲ್ಲಿ ಕೈ ತೊಳೆದುಕೊಂಡರು. ಆದರೆ ಮುಂದಿನ ತಿಂಗಳು ಗಿರಣಿಯ ಯಜಮಾನನ ಮೊಮ್ಮಗನ ಸುನ್ನತಿಯ ಊಟಕ್ಕೆ ಸೋತ್ವೋಲ್ದಿಗೆ ಕರೆ ಬಂತು. ಗೇಟು ತೆರೆದಿಟ್ಟರೆ ಮಾತ್ರ ಒಲೆ ಹಚ್ಚುತ್ತೇನೆಂದ. ತೆರೆದಿಟ್ಟರು. ಹೊರಗೆ ನಿಂತಿದ್ದ ಇಪ್ಪತ್ತು ಜನರಲ್ಲಿ ನಾಲ್ವರು ಒಳಗೆ ಬಂದು ಕೂತರು. ಮಿಕ್ಕವರು ಚೀಲವೇ ಸಾಕೆಂದರು.

ಸೋತ್ವೋಲ್ದಿಯ ಕೇಳುವ ಚಟ ಮಾತ್ರ ಹೋಗಲಿಲ್ಲ. ಇತ್ತೀಚೆಗೆ ಶುಕ್ರವಾರದ ನಮಾಜಿನಲ್ಲಿ ಕಮೋಲ್ ಒಮ್ಮೆ ಅವನ ಪಕ್ಕದಲ್ಲಿ ನಿಲ್ಲುತ್ತಾನೆ, ಒಮ್ಮೆ ಎಲ್ಲರ ಹಿಂದೆ ಕೊನೆಯ ಸಾಲಿಗೆ ಹೋಗುತ್ತಾನೆ. ಯಾರಾದರೂ ಏನಾದರೂ ಅಂದಿರಬೇಕೆಂದು ಸೋತ್ವೋಲ್ದಿಗೆ ಎರಡು ವಾರ ಕೊರೆಯಿತು. ಕೊನೆಗೆ ಮಸೀದಿಯ ಮೆಟ್ಟಿಲ ಮೇಲೆ ಅವನನ್ನು ಹಿಡಿದು ನಿಲ್ಲಿಸಿ ಕೇಳಿಯೇಬಿಟ್ಟ.

"ಯಾರೂ ಏನೂ ಅಂದಿಲ್ಲ ಅಕಾ" ಎಂದ ಕಮೋಲ್, ಬೂಟು ಹುಡುಕುತ್ತ. "ಸೆಕೆ. ಫ್ಯಾನ್ ಹಿಂದ್ಗಡೆ ಇದೆ."