ಟಪಾಲಣ್ಣನ ಕೈಗೆ ಕೂರದ ಹಿಡಿ

ಚಿಕ್ಕವನಿದ್ದಾಗ ನಮ್ಮ ಸೋದರಮಾವನಂಥ ಕುಡುಕ ಭೂಮಿಯ ಮೇಲೆ ಇನ್ನೊಬ್ಬನಿಲ್ಲ ಎಂದು ನಂಬಿದ್ದೆ. ಗಾಳದ ಕೋಲಿಗೆ ಹಿಡಿ ಕೂರಿಸುವುದು ಅವನ ಕೆಲಸ. ಕಾರ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಅಂಟಿಸಿ, ತಿರುಗುವ ಲೇಥಿಗೆ ಕೊಟ್ಟು, ಉಜ್ಜಿ ನುಣುಪು ಮಾಡುತ್ತಿದ್ದ. ಕಾರ್ಕೆಂದರೆ ಬಾಟಲಿಯ ಬಿರಡೆ ಎಂದಷ್ಟೇ ಗೊತ್ತಿದ್ದ ನಾನು, ಗೋಡೆಗೆ ಒರಗಿಸಿದ್ದ ಕೋಲುಗಳನ್ನೆಲ್ಲ ನೋಡಿ ಹೌಹಾರಿದೆ. "ಇನ್ನಾದ್ರೂ ಬಿಟ್ಬಿಡು ಮಾವ" ಎಂದು ಅತ್ತೆನಂತೆ. ಅದು ಮರದ ತೊಗಟೆ ಕಣೋ ಎಂದು ತಿಳಿಸಿ ಹೇಳಿದ ಮೇಲೂ ಬಹಳ ದಿನ ಅವನ ಬಾಯಿ ಮೂಸುತ್ತಿದ್ದೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ.

ಅವನ ಅಂಗಡಿ ಒಂದೇ ಕೋಣೆ. ಕಿಟಕಿಯ ಬಿಸಿಲಲ್ಲಿ ಕಾರ್ಕಿನ ಪುಡಿ ತೇಲುತ್ತಿತ್ತು. ಚಹಾದ ಲೋಟದ ಮೇಲೂ ಅದರದೇ ಕೆನೆ. ಈಗ ನಾನು ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಉದ್ಯೋಗಸ್ಥ. ಅಂಟಿಸುವುದರಲ್ಲಿ ಮಾವನ ವಂಶವೇ. ಆದರೆ ನನ್ನ ಚೀಟಿಗಳು ಅರ್ಧ ದಾರಿಯಲ್ಲೇ ಕಳಚುತ್ತವೆಂದು ದೂರು. ಅಂಥ ದೂರು ಬಂದ ದಿನ ಯಾಕೋ ಆ ಕೆನೆಗಟ್ಟಿದ ಚಹಾ ಬೇಕೆನಿಸುತ್ತದೆ.

ಬರಬರುತ್ತ ಒಳ್ಳೆಯ ಕಾರ್ಕ್ ಸಿಗದಾಯಿತು. ಬಂದದ್ದೆಲ್ಲ ತೂತು, ತೂತಿಗೆ ಮೆತ್ತಿದ ಪುಡಿ. ನೀರು ತಾಕಿದರೆ ಉದುರುತ್ತಿತ್ತು. ಒಂದು ದಿನ ಮಾವ ಚೀಲವನ್ನೇ ಒಲೆಗೆ ಸುರಿದು, ಹಗುರ ಮರದ ತುಂಡುಗಳನ್ನು ತಂದ. ಒಳಗೆ ಕೊರೆದು ಭಾರ ಇಳಿಸಿದ. ಒದ್ದೆ ಕೈ ಜಾರದಿರಲೆಂದು ಮೆರುಗು ಹಚ್ಚದೆ ಬರೀ ಎಣ್ಣೆ ತಿಕ್ಕಿದ. ಹೊಳೆದಂಡೆಯವರು ನೋಡಿ ನಕ್ಕರು.

"ಇದೇನು ಮಾರಾಯ, ಮೀನು ಹಿಡಿಯೋಕೋ ಹೊಡೆಯೋಕೋ? ಮೊದ್ಲು ಟಪಾಲಣ್ಣ ತಗೊಳ್ಳಲಿ, ಆಮೇಲೆ ನಾವು."

ಟಪಾಲಣ್ಣ ಅಂಚೆ ಹಂಚಿ ನಿವೃತ್ತನಾದವನು, ಮಾವನ ಬಾಲ್ಯದ ಗೆಳೆಯ. ಅವನ ಬುಟ್ಟಿಯಷ್ಟು ಮೀನು ದಂಡೆಯಲ್ಲಿ ಯಾರಿಗೂ ಬಿದ್ದದ್ದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಅವನು ಹೊಳೆಯ ಕಡೆ ಸುಳಿದಿರಲಿಲ್ಲ. ಅವನೂ ಬೇಡವೆಂದರೆ ಲೇಥ್ ಮಾರಿ ಮನೆಯಲ್ಲಿ ಕೂರುತ್ತೇನೆಂದು ಮಾವ ಹೇಳಿದ.

"ಮನೇಲಾ? ಅಯ್ಯೋ ದೇವರೇ, ಅವರು ತಗೊಳ್ಳಲಪ್ಪ" ಎಂದಳು ಅತ್ತೆ.

ಕಾರ್ಕಿನಲ್ಲಿ ಕೈ ತನ್ನ ಗುಣಿಯನ್ನು ತಾನೇ ಮಾಡಿಕೊಳ್ಳುತ್ತದೆ. ಮರದಲ್ಲಿ ಮೊದಲೇ ಕೆತ್ತಬೇಕು. ಮಾವ ಟಪಾಲಣ್ಣನ ಅಟ್ಟದಿಂದ ಹಳೆಯ ಕೋಲು ಇಳಿಸಿ ತಂದ. ಕಣ್ಣು ಮುಚ್ಚಿ, ಸವೆದ ಕಾರ್ಕನ್ನು ಬೆರಳಲ್ಲಿ ತಡವಿ ತಡವಿ, ಹೆಬ್ಬೆರಳ ಗುಣಿಯನ್ನು ಹಾಗೇ ಮರಕ್ಕೆ ಇಳಿಸಿದ. ನಾನು ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಿದ್ದೆ. ಅವನು ಲೇಥಿನ ಸದ್ದು ಜೋರು ಮಾಡಿಕೊಂಡ.

ಟಪಾಲಣ್ಣ ಬಂದ. ಹಿಡಿದ. ಹೆಬ್ಬೆರಳು ಗುಣಿಯಲ್ಲಿ ಕೂರಲೇ ಇಲ್ಲ.

"ಯಾವ ಮಗೂಗೆ ಮಾಡಿದ್ಯೋ ಇದನ್ನ?"

ಮಾವ ಹಳೆಯ ಕೋಲನ್ನು ತೋರಿಸಿದ. "ಅಳತೆ ತಪ್ಪಿಲ್ಲ ಕಣೋ. ನಿನ್ನ ಕೋಲಿಂದಾನೇ ತೆಗೆದದ್ದು."

ಟಪಾಲಣ್ಣ ಹಳೆಯ ಕೋಲನ್ನು ಎತ್ತಿಕೊಂಡ. ಅದರ ಗುಣಿಯಲ್ಲೂ ಅವನ ಬೆರಳು ಕೂರಲಿಲ್ಲ. ಹಾಗೇ ಸ್ಟೂಲಿನ ಮೇಲೆ ಕುಸಿದ.

"ಇದು ನಮ್ಮವಳ ಕೈ ಕಣೋ. ಒಂದು ಗಳಿಗೆ ಹಿಡ್ಕೊಂಡಿರೇ ಅಂತ ಕೊಟ್ಟು ಮರಕ್ಕೆ ಒರಗ್ತಿದ್ದೆ. ಎಚ್ಚರ ಆಗೋ ಹೊತ್ತಿಗೆ ಬುಟ್ಟಿ ತುಂಬಿರ್ತಿತ್ತು. ಮನೆಗೆ ಹೋಗೋವಾಗ ದಾರೀಲಿ 'ನೀವೇ ಹಿಡಿದದ್ದು' ಅನ್ನೋಳು. ನಾನೂ ನಂಬ್ತಿದ್ದೆ."

ಮಾವ ಕೈ ಚಾಚಿದ. "ಕೊಡಿಲ್ಲಿ. ಉಳಿ ಹಾಕಿ ನಿನ್ನ ಕೈಗೆ ಅಗಲ ಮಾಡ್ತೀನಿ."

"ಮುಟ್ಟಿದ್ರೆ ನೋಡು!" ಟಪಾಲಣ್ಣ ಮರದ ಹಿಡಿಯನ್ನು ಎದೆಗವಚಿಕೊಂಡ. "ಇದನ್ನೇ ಕೂರಿಸು ಕೋಲಿಗೆ. ನಾಳೆ ದಂಡೆಗೆ ತಗೊಂಡು ಹೋಗ್ತೀನಿ. ನಗೋರು ನಗಲಿ."

ಮಾವ ಅಂಟಿನ ಡಬ್ಬಿ ತೆರೆದ. ಲೇಥ್ ಉಳಿಯಿತೆಂದು ನನಗೂ ಆಗಲೇ ಅರ್ಥವಾಯಿತು. ನನ್ನ ಮಟ್ಟಿಗೆ ಇದು ಚುರುಕೇ.

ಕೋಲು ಹೆಗಲೇರಿಸಿಕೊಂಡು ಹೊರಟ ಟಪಾಲಣ್ಣ ಬಾಗಿಲಲ್ಲಿ ತಿರುಗಿ ನಿಂತ.

"ನಿಜ ಹೇಳು. ಇಷ್ಟು ವರ್ಷ ಮೀನು ಹಿಡೀತಿದ್ದದ್ದು ಅವಳು ಅಂತ ನಿನಗೆ ಗೊತ್ತಿತ್ತಾ?"

ಮಾವ ತಲೆ ಎತ್ತಲಿಲ್ಲ. "ಇಡೀ ದಂಡೆಗೇ ಗೊತ್ತಿತ್ತು ಕಣೋ. ನಿನ್ನ ಗೊರಕೆ ಈ ಅಂಗಡಿ ತನಕ ಕೇಳ್ತಿತ್ತು."