ಶರಣಪ್ಪ ಮಾಡಿದ ಆಣೆ

ಬೆಳಿಗ್ಗೆ ಹೊಟ್ಟೆಗೆ ಸ್ಪಿರಿಟ್ ಹತ್ತಿ ಒರೆಸಿಕೊಂಡು ಇನ್ಸುಲಿನ್ ಚುಚ್ಚಿಕೊಳ್ಳುವಾಗ ಏಳುವ ವಾಸನೆಯಿದೆಯಲ್ಲ, ಅದು ನನ್ನನ್ನು ಲಿಂಗಸುಗೂರಿನ ಈ ಪಡಸಾಲೆಯಿಂದ ಎತ್ತಿ ಸಿಂಧನೂರಿನ ಹಳೆಯ ಕಚೇರಿಯಲ್ಲಿ ಕೂರಿಸಿಬಿಡುತ್ತದೆ. ಅಲ್ಲಿ ನಾನು ಆಪ್ತಸಮಾಲೋಚಕನಾಗಿದ್ದೆ. ಹುದ್ದೆಯ ಹೆಸರು ಭಾರಿ. ಕುರ್ಚಿಗೆ ಮಾತ್ರ ಒಂದು ಕೈ ಇರಲಿಲ್ಲ. ನಶೆಗೆಂದು ಚುಚ್ಚಿಕೊಳ್ಳುವವರಿಗೆ ಹೊಸ ಸೂಜಿ ಕೊಡುವುದು, ಬುದ್ಧಿ ಹೇಳುವುದು ಆ ಕಚೇರಿಯ ಕೆಲಸ. ಬುದ್ಧಿ ನನ್ನ ಪಾಲಿಗೆ ಬಂದಿತ್ತು.

ತರಬೇತಿಯಲ್ಲಿ ಒಂದು ಸಿದ್ಧಾಂತ ಕಲಿಸಿದ್ದರು. ಮನುಷ್ಯ ಬದಲಾಗುವುದು ಮೆಟ್ಟಿಲು ಹತ್ತಿದಂತೆ: ಮೊದಲು ಯೋಚನೆಯೇ ಇರುವುದಿಲ್ಲ, ಆಮೇಲೆ ಯೋಚಿಸುತ್ತಾನೆ, ತಯಾರಾಗುತ್ತಾನೆ, ಮಾಡುತ್ತಾನೆ, ಮಾಡಿದ್ದನ್ನು ಉಳಿಸಿಕೊಳ್ಳುತ್ತಾನೆ. ಆ ಮೆಟ್ಟಿಲುಗಳ ಚಿತ್ರವನ್ನು ದೇವರ ಪಟದ ಎತ್ತರಕ್ಕೆ ತೂಗುಹಾಕಿದ್ದೆ. ಒಳಗೆ ಬಂದ ಕೆಲವರು ಅದಕ್ಕೆ ಕೈ ಮುಗಿದದ್ದೂ ಉಂಟು.

ಸಾಲಗುಂದದ ಶರಣಪ್ಪ ಅಕ್ಕಿ ಗಿರಣಿಯ ಹಮಾಲ. ಬೆನ್ನುನೋವಿಗೆಂದು ಶುರುವಾದ ಇಂಜೆಕ್ಷನ್, ನೋವು ಹೋದ ಮೇಲೂ ಉಳಿದಿತ್ತು. ಅವನಿಗೂ ಜೊತೆಯ ಹಮಾಲ ದುರ್ಗಪ್ಪನಿಗೂ ಒಂದೇ ಸೂಜಿ. ಹಾಗೆ ಹಂಚಿಕೊಂಡರೆ ರಕ್ತದ ರೋಗ ದಾಟುತ್ತದೆ ಎಂದು ನಾನು ಗಂಭೀರವಾಗಿ ವಿವರಿಸಿದರೆ, ಅವನು ನನಗಿಂತ ಗಂಭೀರವಾಗಿ ತಲೆಯಾಡಿಸುತ್ತಿದ್ದ.

"ಗೊತ್ತೈತ್ರಿ ಸರ. ಆದ್ರ ಒಂದ ತಾಟಿನ್ಯಾಗ ಉಂಡೋರು ನಾವು. ಬ್ಯಾಡ ಅಂದ್ರ, 'ಯಾಕಲೇ, ನನಗೇನು ರೋಗ ಬಂದೈತೇನು' ಅಂತಾನ. ಏನು ಹೇಳ್ಲಿ?"

ಎಲ್ಲ ತಿಳಿದೂ ಬದಲಾಗದವನದು ಯಾವ ಮೆಟ್ಟಿಲು? ಚಿತ್ರವನ್ನು ನೋಡಿದೆ. ಚಿತ್ರವೂ ನನ್ನನ್ನೇ ನೋಡುತ್ತಿತ್ತು.

ಅಷ್ಟರಲ್ಲಿ ಗಿರಣಿಯಲ್ಲಿ ಹೀಗೆಯೇ ಸೂಜಿ ಹಂಚಿಕೊಂಡಿದ್ದ ಹಮಾಲನೊಬ್ಬ ತೀರಿಕೊಂಡ. ಮರುದಿನವೇ ಶರಣಪ್ಪನ ತಾಯಿ ಗಂಗಮ್ಮ ಮಗನ ರಟ್ಟೆ ಹಿಡಿದು ಎಳೆತಂದಳು.

"ಚಟ ಬಿಡ್ಸೋರು ಅಂತ ತಿಳಿದಿದ್ದೆ. ಹೊಸ ಸೂಜಿ ಕೊಟ್ಟು ಕಳಸ್ತೀರಂತ. ಇದೆಂಥಾ ಧರ್ಮ ರೀ?"

ಬಿಡುವ ದಿನ ಬರುವ ತನಕ ಅವನು ಬದುಕಿರಬೇಕಲ್ಲ ಎಂದೆ. ಹೇಳಿದ ಮೇಲೆ ಅದು ಉತ್ತರವೋ ಪ್ರಶ್ನೆಯೋ ನನಗೇ ತಿಳಿಯಲಿಲ್ಲ. ಅವಳು ಮಗನ ಕಡೆ ತಿರುಗಿದಳು. "ಲಿಂಗ ಹಿಡದು ಆಣಿ ಮಾಡಲೇ, ಇವತ್ತಿಂದ ಬಿಟ್ಟೆ ಅಂತ."

ಶರಣಪ್ಪ ಕೊರಳ ಲಿಂಗಕ್ಕೆ ಕೈ ಒಯ್ದು ಹಿಂದೆ ತೆಗೆದ. "ಸುಳ್ಳು ಬೇಕಾದ್ರ ಹಂಗ ಹೇಳ್ತೀನವ್ವ. ಇದನ್ನ ಹಿಡದು ಹೇಳಂಗಿಲ್ಲ."

"ಭಾಳ ಸತ್ಯವಂತ ಹುಟ್ಟಿಬಂದಿ ನನ್ನ ಹೊಟ್ಯಾಗ."

ಆಗ ನಾನು ಸಿದ್ಧಾಂತವನ್ನು ಮರೆತೆನೋ ಅನ್ವಯಿಸಿದೆನೋ, ದೇವರೇ ಬಲ್ಲ. ದನದ ಸಂತೆಯ ದಲ್ಲಾಳಿಯಂತೆ ಆಣೆಯ ಚೌಕಾಸಿಗೆ ನಿಂತೆ. "ಬಿಡ್ತೀನಿ ಅನ್ನಬ್ಯಾಡಪ್ಪ. ಸುಳ್ಳಾಗದಂಗ ಏನು ಹೇಳಬಲ್ಲಿ, ಅಷ್ಟು ಹೇಳು."

ಶರಣಪ್ಪ ಲಿಂಗ ಹಿಡಿದ. "ಇನ್ನೊಬ್ಬರ ಸೂಜಿ ಮುಟ್ಟಂಗಿಲ್ಲ. ನಂದು ಯಾರಿಗೂ ಕೊಡಂಗಿಲ್ಲ."

ಗಂಗಮ್ಮ ನನ್ನನ್ನು ನೋಡಿದಳು. ಸಿಟ್ಟಲ್ಲ, ಸಮಾಧಾನವೂ ಅಲ್ಲ. "ಚಟ ಬಿಡ್ತೀನಿ ಅಂತ ಆಣಿ ಮಾಡೋದು ಕೇಳೀನಿ. ಚಟಾನ ಸ್ವಚ್ಛ ಮಾಡ್ತೀನಿ ಅಂತ ಮಾಡಿದ್ದು ಇಲ್ಲೇ ನೋಡಿದೆ."

ದುರ್ಗಪ್ಪ ಮುನಿಸಿಕೊಳ್ಳಲಿಲ್ಲ. ಲಿಂಗ ಹಿಡಿದು ಮಾಡಿದ ಆಣೆಗೆ ಯಾರು ಮುನಿದಾರು? ಕೆಲವು ದಿನಗಳಲ್ಲಿ ತಾನೂ ಬಂದು ಬೇರೆ ಸೂಜಿ ಕೇಳಿದ. ಮೆಟ್ಟಿಲುಗಳ ಚಿತ್ರದಲ್ಲಿ ಈ ಇಬ್ಬರನ್ನು ಎಲ್ಲಿ ನಿಲ್ಲಿಸಬೇಕೆಂದು ನಾನು ಕೆಲಸ ಬಿಡುವವರೆಗೂ ಹುಡುಕುತ್ತಲೇ ಇದ್ದೆ.

ಹೋದ ವಾರ ಮಸ್ಕಿಯ ಚಹಾದಂಗಡಿಯಲ್ಲಿ ಶರಣಪ್ಪ ಸಿಕ್ಕ. ಕೂದಲು ನರೆತಿದೆ. ಮಾತಿನ ನಡುವೆ ನನ್ನ ಸಕ್ಕರೆ ಕಾಯಿಲೆಯ ಪುರಾಣ ಹೇಳಿ, "ನೀ ಬಿಟ್ಟೆಯೇನಪ್ಪ?" ಎಂದೆ.

"ಬಿಡ್ತೀನಿ, ಮತ್ತ ಹಿಡೀತೀನಿ. ಬಿಟ್ಟೆ ಅಂತ ಆಣಿ ಮಾಡಂಗಿಲ್ರಿ. ಆದ್ರ ಜೀವಂತ ಅದೀನಲ್ರಿ ಸರ." ಆಮೇಲೆ ನನ್ನ ಲೋಟದ ಕಡೆ ನೋಡಿ, "ನಿಮ್ಮ ಚಾಕ್ಕ ಸಕ್ರಿ ಹಾಕ್ಯಾರಲ್ರಿ?" ಎಂದ. ನಾನು ಆಕಾಶ ನೋಡಿದೆ.

ಆ ಸಕ್ಕರೆ ಚಹಾದ ಸುದ್ದಿ ನಮ್ಮ ಮನೆಯವಳ ಕಿವಿಗೆ ಹೇಗೆ ಬಿತ್ತೋ. ಇವತ್ತು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚುವಾಗ ಎದುರು ಬಂದು ನಿಂತಳು. "ಲಿಂಗ ಹಿಡದು ಹೇಳ್ರಿ, ಸಕ್ರಿ ಬಿಟ್ಟೀನಿ ಅಂತ."

ಕೈ ಕೊರಳ ತನಕ ಹೋಗಿ ನಿಂತಿತು. "ಸೂಜಿ ತಪ್ಪಸಂಗಿಲ್ಲ ಅಂತ ಬೇಕಾದ್ರ ಹೇಳ್ತೀನಿ."

ಅವಳು ನೋಡಿದ್ದು ಥೇಟ್ ಗಂಗಮ್ಮನ ನೋಟ. ಆಮೇಲೆ, "ಅಷ್ಟಾದ್ರೂ ಹೇಳ್ರಿ" ಅಂದಳು.