ಕೋರಿಕೆ ನಿಲುಗಡೆ

ಜೀವಮಾನವಿಡೀ ಸಿಟಿ ಬಸ್ ಓಡಿಸಿದ ಗಂಡನಿಗೆ ನಡೆಯಲು ಕಲಿಸುವುದೆಂದರೆ ಏನು ಪಾಡು ಅಂತ ಟೈಲರಮ್ಮನನ್ನು ಕೇಳಬೇಕು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬೀದಿಯವರ ಪರದೆ, ದಿಂಬಿನ ಕವರು, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವ ಹೆಂಗಸು ಆಕೆ. ಗಂಡ ಡ್ರೈವರ್ ಸಾಹೇಬರು ರಿಟೈರಾಗಿ ಎಷ್ಟೋ ಕಾಲವಾಗಿತ್ತು, ಆದರೆ ಡ್ರೈವರಿಕೆ ಅವರನ್ನು ಬಿಟ್ಟಿರಲಿಲ್ಲ. ಬಚ್ಚಲುಮನೆ ಕಡೆ ತಿರುಗುವಾಗಲೂ ಬಲಗೈ ಚಾಚಿ ಸಿಗ್ನಲ್ ಕೊಡುತ್ತಿದ್ದರು. ಅಡುಗೆಮನೆಯಿಂದ ಹಿಂದಕ್ಕೆ ಬರಬೇಕಾದರೆ ಯಾರಾದರೂ ಹಿಂದೆ ನಿಂತು ಬರಲಿ, ಬರಲಿ ಅನ್ನಬೇಕಿತ್ತು.

ಇಂಥವರನ್ನು ಕಟ್ಟಿಕೊಂಡು ಟೈಲರಮ್ಮ ಪಾದಯಾತ್ರೆ ಹೋಗಬೇಕಿತ್ತು. ಹೋಗಲೇಬೇಕಿತ್ತು. ಹಿಂದಿನ ವರ್ಷ ಸಾಹೇಬರು ಎದೆ ಹಿಡಿದುಕೊಂಡು ಆಸ್ಪತ್ರೆ ಸೇರಿದಾಗ, ಗಾಜಿನ ಬಾಗಿಲ ಹೊರಗೆ ನಿಂತು ಆಕೆ ಹರಕೆ ಹೊತ್ತಿದ್ದಳು. ಇವರನ್ನೊಮ್ಮೆ ಎಬ್ಬಿಸಿ ಕೂರಿಸಪ್ಪ, ಬರುವ ಚಳಿಗಾಲದಲ್ಲಿ ಇಬ್ಬರೂ ನಿನ್ನ ಬೆಟ್ಟದವರೆಗೆ ನಡೆದುಕೊಂಡೇ ಬರುತ್ತೇವೆ ಅಂತ. ದೇವರು ತನ್ನ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿದ. ಸಾಹೇಬರು ಎದ್ದು ಕೂತಿದ್ದಷ್ಟೇ ಅಲ್ಲ, ವೀಲ್‌ಚೇರ್ ತಳ್ಳುವವನಿಗೆ ತಿರುವಿನಲ್ಲಿ ಹಾರ್ನ್ ಮಾಡದಿದ್ದುದಕ್ಕೆ ಬೈದರು. ಇನ್ನು ಬಾಕಿ ಇದ್ದುದು ಆಕೆಯ ಪಾಲು.

ಆದರೆ ಆಕೆಯ ಬಲಮಂಡಿ ಕೈಕೊಟ್ಟಿತ್ತು. ಮೆಷಿನ್ ತುಳಿದು ತುಳಿದು ಅದರೊಳಗೆ ಏನೋ ಸವೆದುಹೋಗಿತ್ತು. ಇದನ್ನು ಆಕೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಮುಗಿಯಿತು, ಡಾಕ್ಟರು ನಡೆಯಬೇಡಿ ಅನ್ನುತ್ತಾರೆ, ಮನೆಯವರೆಲ್ಲ ಸೇರಿ ಬಸ್ಸಿನಲ್ಲಿ ಕೂರಿಸಿ ಕಳಿಸುತ್ತಾರೆ. ನಡೆದು ಬರುತ್ತೇನೆ ಅಂದವಳು ಬಸ್ಸಿನಿಂದ ಇಳಿದರೆ ದೇವರಿಗೆ ಯಾವ ಮುಖ ತೋರಿಸುವುದು? ನೀನು ಮಾತು ತಪ್ಪಿದೆ, ನಾನು ಕೊಟ್ಟಿದ್ದನ್ನು ವಾಪಸ್ ಕೊಡು ಅಂತ ಅವನು ಕೇಳಿಬಿಟ್ಟರೆ? ಹಾಗಾಗಿ ಮೆಟ್ಟಿಲು ಹತ್ತುವಾಗ ನೋವು ಬಂದರೆ ಧೂಳು ಒರೆಸುವವಳ ಹಾಗೆ ಬಗ್ಗಿ ನಿಂತುಬಿಡುತ್ತಿದ್ದಳು. ಆ ಮನೆಯ ಮೆಟ್ಟಿಲುಗಳಷ್ಟು ಚೊಕ್ಕ ಮೆಟ್ಟಿಲು ಬೀದಿಯಲ್ಲೇ ಇರಲಿಲ್ಲ.

ಬೆಟ್ಟಕ್ಕೆ ಮೂರು ದಾರಿಗಳಿದ್ದವು. ಯಾವುದೆಂದು ತೀರ್ಮಾನಿಸುವ ಹೊಣೆಯನ್ನು ಯಾರೂ ಕೇಳದೆಯೇ ತಲೆ ಮೇಲೆ ಹೊತ್ತುಕೊಂಡವನು ಆಕೆಯ ತಮ್ಮ. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ಭಾನುವಾರವೂ ಕೊರಳಲ್ಲಿ ಸೀಟಿ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ನಕ್ಷೆ ಹರಡಿ, ಅದು ಮಡಚಿಕೊಳ್ಳದಂತೆ ಅಕ್ಕನ ಕತ್ತರಿ, ಇಸ್ತ್ರಿಪೆಟ್ಟಿಗೆ ಎಲ್ಲ ಹೇರಿ ಭಾಷಣ ಶುರುಮಾಡಿದ. ಕಣಿವೆ ದಾರಿಯೇ ಸರಿ, ಅದೇ ಹತ್ತಿರ, ಚಳಿಗಾಲದ ಮಂಜಿನಲ್ಲಿ ಏರಿ ಇಳಿದರೆ ಶ್ವಾಸಕೋಶ ತೊಳೆದಿಟ್ಟ ಹಾಗಾಗುತ್ತದೆ ಅಂದ. ಮಗಳು ಫೋನಿನಲ್ಲೇ ಸಮುದ್ರದ ದಂಡೆಗೆ ವೋಟು ಹಾಕಿದಳು, ಫೋಟೋ ಚೆನ್ನಾಗಿ ಬರುತ್ತದಂತೆ. ಮೂರನೆಯದು ಹಳೇ ಬಸ್ ರಸ್ತೆ. ಹೆದ್ದಾರಿ ಬಂದ ಮೇಲೆ ಅಲ್ಲಿ ಬಸ್ಸೂ ಇಲ್ಲ, ಲಾರಿಯೂ ಇಲ್ಲ. ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಸಪ್ಪೆ. ತಮ್ಮ ಅದರ ಹೆಸರೂ ಎತ್ತಲಿಲ್ಲ, ಅದರ ಮೇಲೇ ಇಸ್ತ್ರಿಪೆಟ್ಟಿಗೆ ಇಟ್ಟಿದ್ದ. ಡ್ರೈವರ್ ಸಾಹೇಬರು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿ, ಬಗ್ಗಿ ನೋಡಿ, ಈ ರಸ್ತೆಯ ಬಸ್ ಸ್ಟಾಪುಗಳು, ಬೆಂಚುಗಳು ಇನ್ನೂ ಹಾಗೇ ಇವೆಯೇ ಅಂತ ವಿಚಾರಿಸಿದರು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ.

ದಾರಿ ಆಮೇಲೆ, ಮೊದಲು ಅಭ್ಯಾಸ ಅಂತ ಟೈಲರಮ್ಮ ಮಾರನೆಯ ಬೆಳಿಗ್ಗೆ ಇಬ್ಬರ ಬೆನ್ನಿಗೂ ತಾನೇ ಹೊಲಿದ ಚೀಲ ಏರಿಸಿ ಹೊರಟಳು. ಮೊದಲ ಬಸ್ ಸ್ಟಾಪ್ ಬಂತು. ಸಾಹೇಬರು ಎಡಕ್ಕೆ ಸರಿದು ಗಕ್ಕನೆ ನಿಂತರು. ಏನ್ರೀ ಅಂದರೆ ಸ್ಟಾಪು ಅಂದರು. ಸರಿ, ಹೊರಡಿ ಅಂದರೆ ಜಪ್ಪಯ್ಯ ಅಂದರೂ ಕದಲಲಿಲ್ಲ. ಕಂಡಕ್ಟರ್ ರೈಟ್ ಅನ್ನದೆ ಗಾಡಿ ತೆಗೆದ ಅಭ್ಯಾಸ ತನಗಿಲ್ಲವಂತೆ. ಟೈಲರಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಆಚೀಚೆ ನೋಡಿ, ಯಾರಿಗೂ ಕೇಳಿಸದ ಹಾಗೆ ರೈಟ್ ಅಂದಳು. ಗಾಡಿ ಹೊರಟಿತು.

ಮುಂದಿನ ಸ್ಟಾಪಿನಲ್ಲೂ ಇದೇ ಕಥೆ, ಅದರ ಮುಂದಿನದರಲ್ಲೂ ಇದೇ. ಮಾರುಕಟ್ಟೆ ಸ್ಟಾಪಿನಲ್ಲಂತೂ ಬಸ್ಸಿಗೆ ಕಾದು ಬೇಸತ್ತ ಜನ ಸಾಹೇಬರ ಹಿಂದೆ ಸಾಲು ನಿಂತರು. ಅಜ್ಜಿಯೊಬ್ಬರು ಇದು ರೈಲ್ವೆ ಸ್ಟೇಷನ್ನಿಗೆ ಹೋಗುತ್ತದೆಯೇ ಅಂತ ಕೇಳಿದರು. ಇಲ್ಲ, ಆಸ್ಪತ್ರೆ ಹತ್ತಿರ ಇಳಿದು ಬದಲಾಯಿಸಬೇಕು ಅಂತ ಸಾಹೇಬರು ಗಂಭೀರವಾಗಿ ಹೇಳಿದರು. ಅಜ್ಜಿ ಆಸ್ಪತ್ರೆಯವರೆಗೂ ಜೊತೆಗೇ ನಡೆದು, ಅಲ್ಲಿ ಥ್ಯಾಂಕ್ಸ್ ಹೇಳಿ ಇಳಿದುಹೋದರು.

ಬಟ್ಟೆ ಕೊಡಲು ಬಂದವರ ಹತ್ತಿರವೆಲ್ಲ ಟೈಲರಮ್ಮ ಇದನ್ನು ಹೇಳಿ ಗಂಡನ ಮಾನ ಹರಾಜು ಹಾಕಿದಳು. ಒಳಗೊಳಗೆ ಮಾತ್ರ ಬೇರೆಯೇ ನಡೆದಿತ್ತು. ಸ್ಟಾಪಿನ ಬೆಂಚು ಕಂಡರೆ ಆಕೆಯ ಮಂಡಿಗೆ ಹೋದ ಜೀವ ಬಂದ ಹಾಗಾಗುತ್ತಿತ್ತು. ಎಷ್ಟು ಹೊತ್ತು ನಿಲ್ಲಬೇಕೆಂಬುದೂ ಆಕೆಯ ಬಾಯಲ್ಲೇ ಇತ್ತಲ್ಲ! ಚೀಲದ ದಾರ ಬಿಗಿಮಾಡುವ ನೆಪ, ನೀರಿನ ಬಾಟಲಿಯ ನೆಪ, ಏನೋ ಒಂದು ಹೂಡಿ ನೋವು ಇಳಿಯುವ ತನಕ ಕೂತು, ಆಮೇಲೆ ಇಂಥ ಗಂಡ ಯಾರಿಗೂ ಬೇಡಪ್ಪ ಎನ್ನುವ ಮುಖ ಮಾಡಿಕೊಂಡು ರೈಟ್ ಅನ್ನುತ್ತಿದ್ದಳು. ಅರೆಹುಚ್ಚ ಗಂಟುಬಿದ್ದಿದ್ದು ಒಳ್ಳೆಯದೇ ಆಯಿತು ಅಂತ ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಹಾಗಂತ ಅವರ ಸ್ಟಾಪಿನ ಶಿಸ್ತನ್ನು ಆಕೆ ಕ್ಷಮಿಸಿದ್ದಳು ಅಂತಲ್ಲ. ಮದುವೆಯಾದ ಹೊಸತರಲ್ಲಿ ಒಂದು ದಿನ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದಾಗ ಗಂಡನ ಬಸ್ಸೇ ಬಂದಿತ್ತು. ಸ್ಟಾಪು ಇನ್ನೂ ದೂರ. ಆಕೆ ನಗುನಗುತ್ತ ಕೈ ಅಡ್ಡ ಹಿಡಿದಳು. ಬಸ್ಸು ನಿಲ್ಲದೆ ಭರ್ರೆಂದು ಹೋಯಿತು. ಕಿಟಕಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಂಜೆ ಮನೆಗೆ ಬಂದ ಮಹಾರಾಯರು, ಸ್ಟಾಪಿನಲ್ಲಿ ನಿಲ್ಲಬೇಕಿತ್ತು, ರೂಲು ಎಲ್ಲರಿಗೂ ಒಂದೇ ಅಂದರು. ಅದನ್ನು ಆಕೆ ಇವತ್ತಿಗೂ ಎತ್ತಿ ಆಡುತ್ತಾಳೆ. ಸಾಹೇಬರು ಊಟಕ್ಕೆ ಕೂತು ಉಪ್ಪು ಹೆಚ್ಚಾಯಿತು ಅಂದರೆ ಸಾಕು, ಆ ಬಸ್ಸು ಇನ್ನೊಮ್ಮೆ ಭರ್ರೆಂದು ಹೋಗುತ್ತದೆ.

ಚಳಿ ಶುರುವಾಯಿತು. ತಮ್ಮ ಮತ್ತೆ ನಕ್ಷೆ ತಂದು ಹರಡಿದ. ಈ ಸಲ ಸಾಹೇಬರು ಪಟ್ಟು ಹಿಡಿದರು. ಸ್ಟಾಪಿಲ್ಲದ ದಾರಿಯಲ್ಲಿ ತಾನು ಹೆಜ್ಜೆ ಇಡುವುದಿಲ್ಲ, ಕಣಿವೆಯಲ್ಲಿ ಗಾಡಿ ಎಲ್ಲಿ ನಿಲ್ಲಿಸುವುದು ಅಂತ ಕೂಗಾಡಿದರು. ಭಾವನಿಗೆ ಅರಳುಮರಳು ಅಂತ ತಮ್ಮ ಸೀಟಿ ಊದಿಯೇಬಿಟ್ಟ. ಕೊನೆಗೆ ಹರಕೆ ಅಕ್ಕನದು, ಅಕ್ಕನೇ ಹೇಳಲಿ ಅಂತಾಯಿತು. ಟೈಲರಮ್ಮ ಇಕ್ಕಟ್ಟಿಗೆ ಸಿಕ್ಕಳು. ಕಣಿವೆ ಅಂದರೆ ಮಂಡಿ ಅಲ್ಲೇ ಕೂರುತ್ತದೆ, ಹಳೇ ರಸ್ತೆ ಅಂದರೆ ಯಾಕೆ ಅಂತ ಕೇಳುತ್ತಾರೆ. ಆಕೆ ದೊಡ್ಡದೊಂದು ನಿಟ್ಟುಸಿರು ಬಿಟ್ಟಳು.

"ಇವರನ್ನ ಕಟ್ಕೊಂಡ ಮೇಲೆ ಇನ್ನೇನ್ ಮಾಡ್ಲಿ. ಹಳೇ ರಸ್ತೇನೇ ಆಗ್ಲಿ" ಅಂದಳು.

ಹೊರಡುವ ಹಿಂದಿನ ಸಂಜೆ ತಮ್ಮ ಏದುಸಿರು ಬಿಡುತ್ತ ಒಳಗೆ ಬಂದ. ಭಾವನ ಕಾಯಿಲೆ ವಾಸಿಯಾಗಿದೆ ಅಂದ. ಸಾಹೇಬರು ಚೀಲಕ್ಕೆ ಬಕಲ್ ತರಲು ಒಬ್ಬರೇ ಪೇಟೆಗೆ ಹೋಗಿದ್ದರಂತೆ. ಇವನು ಶಾಲೆಯ ಗೇಟಿನಿಂದ ನೋಡಿ ಹಿಂದೆ ಬಿದ್ದನಂತೆ. ಸ್ಟಾಪಿನ ಮೇಲೆ ಸ್ಟಾಪು ಬಂದರೂ ಭಾವ ಒಂದರಲ್ಲೂ ನಿಲ್ಲಲಿಲ್ಲ, ಕಡೆಗಣ್ಣಿಂದ ನೋಡಲೂ ಇಲ್ಲ, ಕೈ ಬೀಸಿಕೊಂಡು ಹೋಗುತ್ತಲೇ ಇದ್ದರು, ಓಡಿದರೂ ತನ್ನ ಕೈಗೆ ಸಿಗಲಿಲ್ಲ ಅಂದ. ಇನ್ನೂ ಕಾಲ ಮಿಂಚಿಲ್ಲ ಅಕ್ಕ, ಕಣಿವೆ ದಾರಿಯೇ ಹಿಡಿಯಿರಿ ಅಂದ.

ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಸೂಜಿಯ ಕಣ್ಣಿಗೆ ಹೋಗಲೊಲ್ಲದು. ಅಷ್ಟೂ ದಿನ ಬೀದಿಯವರೆಲ್ಲ ನಕ್ಕಿದ್ದರು, ತಾನೇ ಮುಂದೆ ನಿಂತು ನಗಿಸಿದ್ದಳು. ಆ ಮನುಷ್ಯ ಒಂದು ಮಾತೂ ಆಡದೆ ಎಲ್ಲ ನುಂಗಿಕೊಂಡು, ಪ್ರತಿ ಬೆಂಚಿನ ಹತ್ತಿರವೂ ಬೆಪ್ಪನ ಹಾಗೆ ನಿಂತಿದ್ದರು.

"ನೀನು ಸುಮ್ನೆ ಮನೆಗೆ ಹೋಗಪ್ಪ" ಅಂದಳು ತಮ್ಮನಿಗೆ. "ಅವರಿಗೆ ಒಂದಿನ ಬಿಟ್ಟು ಒಂದಿನ ಬರತ್ತೆ ಅದು."

ಅಂದು ಊಟದಲ್ಲಿ ಸಾಹೇಬರು ಉಪ್ಪು ಹೆಚ್ಚಾಯಿತು ಅಂದರು. ಟೈಲರಮ್ಮ ಇನ್ನೊಂದು ಸೌಟು ಬಡಿಸಿದಳು. ಆ ಹಳೇ ಬಸ್ಸು ಬರಲಿಲ್ಲ. ಸಾಹೇಬರು ಗಾಬರಿಯಾಗಿ ಹುಷಾರಿದ್ದೀಯ ತಾನೆ ಅಂತ ಕೇಳಿದರು.

ಬೆಳಿಗ್ಗೆ ಹೊರಟರು. ಹಳೇ ರಸ್ತೆಯಲ್ಲಿ ಮಂಜು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಬಣ್ಣ ಹೋದ ತಂಗುದಾಣಗಳು ಒಂದೊಂದಾಗಿ ಬಂದವು, ಸಾಹೇಬರು ಎಡಕ್ಕೆ ಸರಿದು ನಿಂತರು, ಟೈಲರಮ್ಮ ಕೂತು ಎದ್ದು ರೈಟ್ ಅಂದಳು. ಮಧ್ಯಾಹ್ನದ ಹೊತ್ತಿಗೆ ಒಂದು ತಂಗುದಾಣ ದಾಟಿ, ಮುಂದಿನದು ಇನ್ನೂ ಕಣ್ಣಿಗೇ ಬೀಳದ ಕಡೆ ಮಂಡಿ ಚುಳ್ಳೆಂದಿತು. ಮುಂದೆ ಒಂದು ಹೆಜ್ಜೆಯೂ ಆಗದು. ಸಾಹೇಬರು ಮುಂದೆ ಹೋಗುತ್ತಿದ್ದರು. ಕೂಗಲು ಆಕೆಗೆ ಬಾಯಿ ಬರಲಿಲ್ಲ. ಏನೂ ತೋಚದೆ ಕೈ ಅಡ್ಡ ಹಿಡಿದಳು.

ಸಾಹೇಬರು ಏಕೋ ತಿರುಗಿ ನೋಡಿದವರು ಅಲ್ಲೇ ನಿಂತರು. ಬರಲಿ, ಬರಲಿ ಅನ್ನುವವರು ಯಾರೂ ಇಲ್ಲದಿದ್ದರೂ ಹಿಂದಹಿಂದಕ್ಕೆ ನಡೆದುಕೊಂಡು ಬಂದರು. ಬೆನ್ನಿನ ಚೀಲ ಇಳಿಸಿ ರಸ್ತೆಯ ಅಂಚಿನಲ್ಲಿಟ್ಟು ಅದರ ಮೇಲೆ ಆಕೆಯನ್ನು ಕೂರಿಸಿದರು.

"ಇಲ್ಲಿ ಸ್ಟಾಪ್ ಇಲ್ವಲ್ರೀ" ಅಂದಳು ಟೈಲರಮ್ಮ.

"ಕೋರಿಕೆ ನಿಲುಗಡೆ" ಅಂದರು ಸಾಹೇಬರು.

ಆಕೆ ಮಂಡಿ ಒತ್ತಿಕೊಳ್ಳುತ್ತ, ಯಾವಾಗ ಗೊತ್ತಾಯಿತು ಅಂತ ಕೇಳಿದಳು. ಬೇಸಿಗೆಯಿಂದಲೇ ಅಂದರು. ಮೆಷಿನ್ನಿನ ಸದ್ದು ಬದಲಾಗಿತ್ತಂತೆ. ಎರಡು ಕಾಲಲ್ಲಿ ತುಳಿಯುವ ಗಾಡಿ ಒಂದೇ ಕಾಲಲ್ಲಿ ಓಡುತ್ತಿದ್ದರೆ ಡ್ರೈವರಿಗೆ ತಿಳಿಯುವುದಿಲ್ಲವೇ ಅಂದರು. ಹೇಳಿದ್ದರೆ ಅವಳು ಹರಕೆ ಬಿಡಬೇಕಾಗುತ್ತಿತ್ತು, ಅದಕ್ಕೇ ಹೇಳಲಿಲ್ಲ ಅಂದರು. ಆಮೇಲೆ ಪಕ್ಕದಲ್ಲಿ ನೆಲದ ಮೇಲೇ ಕೂತರು.

"ಅವತ್ತೂ ನಿಲ್ಲಿಸ್ಬೇಕಿತ್ತು ಕಣೇ."

ಟೈಲರಮ್ಮ ಮೂಗು ಒರೆಸಿಕೊಂಡಳು. ಬುದ್ಧಿ ಬರಲು ಇಷ್ಟು ವರ್ಷ ಬೇಕಾಯಿತೇ ಅಂತ ಬೈದಳು. ಮಂಡಿಯ ನೋವು ಇಳಿದಿತ್ತು. ಆದರೂ ಆಕೆ ಏಳಲಿಲ್ಲ, ನೀರಿನ ಬಾಟಲಿ ಹುಡುಕಲಿಲ್ಲ, ದಾರ ಬಿಗಿಮಾಡಲಿಲ್ಲ. ಗಂಡನ ಭುಜಕ್ಕೆ ಒರಗಿ ಬಿಸಿಲು ಕಾಯಿಸುತ್ತ ಕೂತಳು. ಸಾಹೇಬರು ರೈಟ್‌ಗಾಗಿ ಕಾಯುತ್ತಿದ್ದರು.